ಗೆಳೆಯನಿಗೆ ಕೊಟ್ಟ ಕೈಗಡ: 60,000ದಲ್ಲಿ 47,000 ಬಂದ ಬಗೆ

ಶೇಂಗಾಕ್ಕೆ ಸುರುಳಿ ಪೂಚಿ ಬಿದ್ದರೆ ಏನು ಹೊಡೀಬೇಕು, ಕುರಿಗೆ ನೀಲಿ ನಾಲಿಗೆ ರೋಗ ಬಂದರೆ ಏನು ಮಾಡಬೇಕು ಅಂತ ಈ ಪತ್ರಿಕೆಯಲ್ಲಿ ಬಹಳ ಜನ ಬರೆದಿದ್ದಾರೆ. ಗೆಳೆಯನಿಗೆ ಕೊಟ್ಟ ದುಡ್ಡು ವಾಪಸು ಬರದಿದ್ದರೆ ಏನು ಮಾಡಬೇಕು ಅಂತ ಯಾರೂ ಬರೆದದ್ದು ನಾನು ನೋಡಿಲ್ಲ. ನಾಚಿಕೆ ವಿಷಯ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡಿರ್ತೀವಿ. ಆದರೆ ನಮ್ಮ ಕಡೆ ಕೈಗಡ ಕೊಡದ, ಇಸ್ಕೊಳ್ಳದ ರೈತ ಯಾರಿದ್ದಾರೆ? ಬೆಳೆ ಹೋದ ನಷ್ಟ ಬರೆಯೋ ಹಾಗೆ ಇದನ್ನೂ ಬರೆಯೋಣ ಅಂತ ಕೂತಿದ್ದೀನಿ. ನಾನು ಏಳನೇ ಇಯತ್ತೆವರೆಗೆ ಓದಿದವನು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮದು ಚಳ್ಳಕೆರೆ ತಾಲೂಕು. 5 ಎಕರೆ ಕೆಂಪು ಮಸಾರೆ, ಪೂರಾ ಮಳೆಯಾಶ್ರಯ. ಶೇಂಗಾ, ಅದರ ಸಾಲಲ್ಲಿ ತೊಗರಿ, ಬದುವಿಗೆ ಸಜ್ಜೆ. ಜೊತೆಗೆ ಇಪ್ಪತ್ತು ಇಪ್ಪತ್ತೈದು ಕುರಿ. ಕುರಿಯೇ ನಮ್ಮ ಬ್ಯಾಂಕು. ಬೆಳೆ ಕೈ ಕೊಟ್ಟ ವರ್ಷ ರೊಪ್ಪದಿಂದ ಒಂದೆರಡು ಮರಿ ಹೊಡಕೊಂಡು ಸಂತೆಗೆ ಹೋಗ್ತೀವಿ, ಮನೆ ನಡೀತದೆ.

ದುಡ್ಡು ಕೊಟ್ಟಿದ್ದು

2022ರ ಮಾರ್ಚಿನಲ್ಲಿ 8 ಟಗರು ಮರಿ ಮಾರಿದ್ದೆ. ಒಂದಕ್ಕೆ ಏಳೂವರೆ ಸಾವಿರದಂತೆ 60,000 ರೂಪಾಯಿ ಬಂತು. ಮಗಳ ಕಾಲೇಜು ಫೀಸಿಗೆ, ಮುಂಗಾರಿನ ಬೀಜಕ್ಕೆ ಅಂತ ಇಟ್ಟ ದುಡ್ಡು ಅದು. ಮಾರಿದ ಸುದ್ದಿ ಗೊತ್ತಾದ ಮೂರನೇ ದಿನ ನನ್ನ ಗೆಳೆಯ ಮನೆಗೆ ಬಂದ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಹೊಲಗಳೂ ಒಂದೇ ಬದುವಿಗೆ ಸೇರಿದಾವೆ. ಅವನ ಹೆಸರು ಬೇಡ, ಈ ಪತ್ರಿಕೆ ನಮ್ಮೂರಿಗೂ ಬರ್ತದೆ. ಆದರೆ ಬರೀತೀನಿ ಅಂತ ಅವನಿಗೆ ಹೇಳಿಯೇ ಬರೀತಿದ್ದೀನಿ.

"ಬೋರಿನ ಲಾರಿ ಪಕ್ಕದೂರಿಗೆ ಬಂದೈತೆ ಕಣೋ. ಈಗ ಹಾಕಿಸಿದ್ರೆ ಆತು. ಶೇಂಗಾ ಕಿತ್ತ ಮಾರನೇ ದಿನ ನಿನ್ನ ದುಡ್ಡು ನಿನ್ನ ಕೈಯಾಗಿರ್ತದೆ" ಅಂದ.

40,000 ಬ್ಯಾಂಕಿನಿಂದ ಅವನ ಖಾತೆಗೆ ಹಾಕಿಸಿದೆ, 20,000 ಕೈಯಲ್ಲಿ ಕೊಟ್ಟೆ. ಕಾಗದ ಇಲ್ಲ, ಸಾಕ್ಷಿ ಇಲ್ಲ. ನನ್ನ ಮನೆಯವಳು ಅವತ್ತೇ ಕೇಳಿದಳು, "ಒಂದು ಚೀಟೀನಾದ್ರೂ ಬರೆಸಿಕೊಂಡ್ರಾ?" ಅಂತ. "ಅವನ ಹತ್ರ ಚೀಟಿ ಕೇಳೋದಾ?" ಅಂತ ಗದರಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಅವಳು ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ಅಲ್ಲಿ ಓರಗಿತ್ತಿ, ನಾದಿನಿ, ಪಕ್ಕದ ಮನೆಯವರು ಎಲ್ಲಾ ಸದಸ್ಯರೇ. ಐನೂರು ರೂಪಾಯಿ ತಗೊಂಡರೂ ಪುಸ್ತಕದಲ್ಲಿ ಬರೀತಾರೆ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸ್ತಾರೆ. ಬರೆದರು ಅಂತ ಯಾರೂ ಯಾರ ಮೇಲೂ ಮುನಿಸಿಕೊಂಡಿಲ್ಲ. ಗಂಡಸರು ನಾವು ಮಾತ್ರ ಬರೆಯೋದನ್ನ ಅವಮಾನ ಅಂದುಕೊಂಡಿದ್ದೀವಿ.

ಮೂರು ವರ್ಷ ಹೋದದ್ದು

ಬೋರು ಫೇಲಾಯ್ತು. 620 ಅಡಿ ಹೋದರೂ ಬರೀ ಧೂಳು. ಆ ವರ್ಷ ಮಳೆ ಹುಯ್ದದ್ದು ನಿಮಗೆ ನೆನಪಿರಬಹುದು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಜನ ಬಸ್ಸು ಮಾಡಿಕೊಂಡು ನೋಡೋಕೆ ಹೋದರು. ಇಲ್ಲಿ ನಮ್ಮ ಹೊಲದಲ್ಲಿ ಬಲಿತ ಶೇಂಗಾ ನೆಲದೊಳಗೇ ಮೊಳಕೆ ಬಂತು. ಅವನದೂ ಹೋಯ್ತು, ನನ್ನದೂ ಅರ್ಧ ಹೋಯ್ತು. ಇಂಥ ವರ್ಷದಲ್ಲಿ ಹೆಂಗೆ ಕೇಳೋದು ಅಂತ ಸುಮ್ಮನಾದೆ.

2023ರ ಜೂನಿನಲ್ಲಿ ಬಿತ್ತನೆ ಬೀಜಕ್ಕೆ ನನ್ನ ಕೈಯಲ್ಲಿ ದುಡ್ಡಿರಲಿಲ್ಲ. ಶೇಂಗಾಕ್ಕೆ ಎಕರೆಗೆ 40ರಿಂದ 50 ಕಿಲೋ ಬೀಜ ಬೇಕು, ಬೀಜದ ಖರ್ಚೇ ದೊಡ್ಡದು. ಅವನನ್ನ ಕೇಳಿದೆ. "ಬರೋ ವಾರ" ಅಂದ. ಬರೋ ವಾರ ಹೋದರೆ ಮನೇಲಿಲ್ಲ. ಮಳೆ ಕಾಯಲ್ಲವಲ್ಲ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ 30,000 ತಂದು ಬಿತ್ತಿದೆ. ಆ ವರ್ಷ ರಾಜ್ಯಕ್ಕೆಲ್ಲಾ ಬರ. ಹಾಕಿದ ಬೀಜವೂ ಬರಲಿಲ್ಲ. ಆ ಸಾಲ ತೀರಿಸೋಕೆ 14 ತಿಂಗಳು ಹಿಡೀತು. ತಿಂಗಳಿಗೆ 900ರಂತೆ 12,600 ಬಡ್ಡಿ ಕಟ್ಟಿದೆ, ಕಡೆಗೆ ಮತ್ತೆ ಕುರಿ ಮಾರಿದೆ.

ನನ್ನ 60,000 ಬಡ್ಡಿ ಇಲ್ಲದೆ ಅವನ ಹತ್ತಿರ ಕೂತಿತ್ತು. ನಾನು ಬೇರೆಯವರ ದುಡ್ಡಿಗೆ ಬಡ್ಡಿ ಕಟ್ತಿದ್ದೆ. ಮಗಳ ಫೀಸು ಕಟ್ಟೋಕೆ ಅವಳ ಕಿವಿಯ ಓಲೆ ಗಿರವಿಗೆ ಹೋಯ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಗಾದೆ ಸಣ್ಣವನಿದ್ದಾಗಿಂದ ಕೇಳಿದ್ದೆ, ಅರ್ಥ ಆಗಿದ್ದು ಆವಾಗ.

ನಾನು ಮಾಡಿದ ದೊಡ್ಡ ತಪ್ಪು

2024ರಲ್ಲಿ ಮಳೆ ಪರವಾಗಿಲ್ಲ. ಅವನಿಗೂ ಶೇಂಗಾ ಬಂತು. ನವೆಂಬರಿನಲ್ಲಿ ಕಾಯಿ ಮಾರಿದ ಅಂತ ಗೊತ್ತಾಯ್ತು. ಆ ವಾರವೇ ಹಳೇ ಬೈಕೊಂದು ತಗೊಂಡ ಅಂತಲೂ ಗೊತ್ತಾಯ್ತು. ಸಂತೆ ದಿನ ಟೀ ಅಂಗಡೀಲಿ ಸಿಕ್ಕಿದ. ಹತ್ತು ಹದಿನೈದು ಜನ ಇದ್ದರು. ನಾನು ತಡಕೊಳ್ಳಲಿಲ್ಲ. "ನನ್ನ ದುಡ್ಡಲ್ಲಿ ಬೈಕು ಹತ್ತಿ ತಿರುಗ್ತೀಯಲ್ಲೋ, ನಾಚಿಕೆ ಆಗಲ್ವಾ?" ಅಂದೆ. ಎಲ್ಲರೂ ತಿರುಗಿ ನೋಡಿದರು.

ಅವನ ಮುಖ ಕಪ್ಪಿಟ್ಟಿತು. "ಯಾವ ದುಡ್ಡು? ಕಾಗದ ಐತೇನು ನಿನ್ನ ಹತ್ರ? ಇದ್ರೆ ತೋರಿಸು" ಅಂದ. ಲೋಟ ಇಟ್ಟು ಹೋದ.

ಅದುವರೆಗೆ ಅವನು ಕೊಡಲ್ಲ ಅಂತ ಒಂದು ಸಲವೂ ಅಂದಿರಲಿಲ್ಲ. ಹತ್ತು ಜನರ ಮುಂದೆ ನಾನು ಮಾನ ತೆಗೆದ ಮೇಲೆ ಅಂದ. ಇದನ್ನ ಈಗ ಕೂತು ಯೋಚನೆ ಮಾಡಿದರೆ ಗೊತ್ತಾಗ್ತದೆ, ಅವತ್ತು ಗೊತ್ತಾಗಲಿಲ್ಲ. ನಾಲ್ಕು ಹುಡುಗರನ್ನ ಕರಕೊಂಡು ಹೋಗಿ ಬೈಕು ಎಳಕೊಂಡು ಬರೋಣ ಅಂತ ಕೂಡ ಮನಸ್ಸಿಗೆ ಬಂತು. ಹೋಗಿದ್ದರೆ ದುಡ್ಡು ಕೊಟ್ಟ ನಾನೇ ಸ್ಟೇಷನ್ನಿನಲ್ಲಿ ಕೂರಬೇಕಾಗಿತ್ತು. ಬಾಕಿ ಇದೆ ಅಂತ ಇನ್ನೊಬ್ಬರ ವಸ್ತು ಎಳಕೊಂಡು ಬರೋ ಹಕ್ಕು ಯಾರಿಗೂ ಇಲ್ಲ. ಮೈಕ್ರೋ ಫೈನಾನ್ಸಿನವರು, ಬಡ್ಡಿ ವ್ಯವಹಾರದವರು ಬಲವಂತದಿಂದ ವಸೂಲಿ ಮಾಡೋದನ್ನ ತಡೆಯೋಕೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆಯೇ ಬಂದಿದೆ.

ಕೋರ್ಟಿನ ಆವರಣದಲ್ಲಿ ತಿಳಿದದ್ದು

ಡಿಸೆಂಬರಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಇದು ಕೋರ್ಟಿನ ಆವರಣದಲ್ಲೇ ಇರ್ತದೆ, ಸಲಹೆಗೆ ದುಡ್ಡು ಕೊಡಬೇಕಿಲ್ಲ. 15100 ನಂಬರಿಗೆ ಫೋನು ಮಾಡಿದರೂ ಹೇಳ್ತಾರೆ. ಅಲ್ಲಿದ್ದ ವಕೀಲರು ಎಲ್ಲಾ ಕೇಳಿ ಮೊದಲು ಕೇಳಿದ ಪ್ರಶ್ನೆ, "ಕೊಟ್ಟ ತಾರೀಖು ಯಾವುದು?"

ಪಾಸ್‌ಬುಕ್ಕಿನಲ್ಲಿ ನೋಡಿದೆವು. 10-3-2022. "ಇನ್ನು ಮೂರು ತಿಂಗಳೂ ಇಲ್ಲವಲ್ಲಪ್ಪ" ಅಂದರು.

ನಮ್ಮಂಥವರಿಗೆ ಗೊತ್ತಿರದ ವಿಷಯ ಇದು, ಅದಕ್ಕೇ ಬಿಡಿಸಿ ಬರೀತೀನಿ. ಕೈಸಾಲದ ದುಡ್ಡಿಗೆ ದಾವೆ ಹಾಕಬೇಕಾದರೆ ಸಾಲ ಕೊಟ್ಟ ದಿನದಿಂದ 3 ವರ್ಷದೊಳಗೆ ಹಾಕಬೇಕು. 1963ರ ಕಾಲಮಿತಿ ಕಾಯ್ದೆಯಲ್ಲಿ ಹಾಗಿದೆ. "ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ" ಅಂತ ಮೂರು ವರ್ಷ ದಾಟಿಸಿದರೆ ಕೋರ್ಟಿನ ಬಾಗಿಲು ಮುಚ್ಚಿತು. ಆದರೆ ಆ ಮೂರು ವರ್ಷ ಮುಗಿಯೋದರೊಳಗೆ ಸಾಲಗಾರ "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಹಾಕಿಕೊಟ್ಟರೆ ಸಹಿ ಹಾಕಿದ ದಿನದಿಂದ ಹೊಸದಾಗಿ 3 ವರ್ಷ ಸಿಗ್ತದೆ. ಸ್ವಲ್ಪ ದುಡ್ಡು ಕಟ್ಟಿ, ಕಟ್ಟಿದ್ದೀನಿ ಅಂತ ಸಹಿ ಮಾಡಿದರೂ ಹಾಗೇ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಅವಧಿ ಮುಗಿದ ಮೇಲೂ ಅವನೇ ಮನಸ್ಸು ಮಾಡಿ "ಹಳೇ ಸಾಲ ಕೊಡ್ತೀನಿ" ಅಂತ ಬರೆದು ಸಹಿ ಹಾಕಿದರೆ ಅದೂ ನಡೀತದಂತೆ. ಆದರೆ ಆವಾಗ ಬರೆದುಕೊಡೋರು ಯಾರು?

ಬ್ಯಾಂಕಿನ 40,000ದ ಬಗ್ಗೆ ಕೇಳಿದೆ. ದುಡ್ಡು ಹೋಗಿದ್ದು ಪಾಸ್‌ಬುಕ್ಕು ತೋರಿಸ್ತದೆ. ಅದು ಸಾಲವೋ, ನೀನೇ ಅವನಿಗೆ ಕೊಡಬೇಕಾಗಿದ್ದ ಬಾಕಿಯೋ ಅಂತ ಪಾಸ್‌ಬುಕ್ಕು ಹೇಳಲ್ಲ, ಆದರೂ ಆಧಾರಕ್ಕೆ ಬರ್ತದೆ ಅಂದರು. ಕೈಯಲ್ಲಿ ಕೊಟ್ಟ 20,000ಕ್ಕೆ ಟೀ ಕುಡಿದು ಎದ್ದು ಹೋದ ಅವನ ಮನಸ್ಸೇ ಸಾಕ್ಷಿ.

ಇನ್ನೊಂದು ಮಾತನ್ನೂ ಅವರು ಹೇಳಿದರು. "ಡಿಕ್ರಿ ಆದರೂ ಅವನ ಉಳುವ ಎತ್ತು, ನೇಗಿಲು, ಬಿತ್ತನೆ ಬೀಜ, ಇರೋ ಮನೆ ಜಪ್ತಿ ಮಾಡೋಕೆ ಬರಲ್ಲ. ರೈತನಿಗೆ ಆ ರಕ್ಷಣೆ ಇದೆ. ಮೊದಲು ಹೋಗಿ ಬರೆಸಿಕೊಂಡು ಬಾ. ಬರೆದುಕೊಡದಿದ್ದರೆ ಲೋಕ ಅದಾಲತ್ತಿಗೆ ಅರ್ಜಿ ಕೊಡೋಣ. ಅದೂ ಆಗದಿದ್ದರೆ ಮಾರ್ಚಿನೊಳಗೆ ದಾವೆ."

ಒಬ್ಬನೇ ಹೋದದ್ದು

ಮನೇಲಿ ಹೇಳಿದಾಗ ನನ್ನವಳು, "ಊರಿನ ನಾಲ್ಕು ಜನ ಹಿರಿಯರನ್ನ ಈಗಲೇ ಕರೀಬೇಡಿ. ಬೆಳಿಗ್ಗೆ ದನ ಬಿಡೋ ಹೊತ್ತಿಗೆ ಒಬ್ಬರೇ ಹೋಗಿ. ಟೀ ಅಂಗಡೀಲಿ ಆಡಿದ ಮಾತಿಗೆ ಮೊದಲು ತಪ್ಪಾಯ್ತು ಅನ್ನಿ" ಅಂದಳು. ದುಡ್ಡು ಕೊಟ್ಟೋನು ನಾನು, ತಪ್ಪಾಯ್ತು ಅನ್ನಬೇಕಾ ಅಂತ ಎರಡು ದಿನ ಹೋಗಲಿಲ್ಲ. ಮೂರನೇ ದಿನ ಹೋದೆ.

ಅವನ ತಾಯಿ ನನ್ನ ನೋಡಿ ಮಾತಾಡದೆ ಒಳಗೆ ಹೋದರು. ಚಿಕ್ಕಂದಿನಲ್ಲಿ ಆ ಅವ್ವನ ಕೈಯಲ್ಲಿ ಮುದ್ದೆ ಉಂಡವನು ನಾನು. ಅವನು ಕೊಟ್ಟಿಗೇಲಿ ಎತ್ತಿಗೆ ಮೇವು ಹಾಕ್ತಿದ್ದ. "ಅವತ್ತು ಜನರ ಮುಂದೆ ಅಂದಿದ್ದು ತಪ್ಪು ಕಣೋ. ದುಡ್ಡಿನ ಮಾತು ತಪ್ಪಲ್ಲ. ಕೂತ್ಕೋ, ಲೆಕ್ಕ ಮಾಡೋಣ" ಅಂದೆ.

ಬಹಳ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ಎಲ್ಲಾ ಹೇಳಿದ. ಬೋರಿಗೆ ನನ್ನ ದುಡ್ಡು ಸಾಲದೆ ಫೈನಾನ್ಸಿನಲ್ಲೂ ಎತ್ತಿದ್ದನಂತೆ. ವಾರ ವಾರ ಕಂತು. "ನಿನ್ನ ದುಡ್ಡು ಮರೆತಿಲ್ಲ ಕಣೋ. ಅವರು ಬಾಗಿಲಿಗೆ ಬಂದು ಕೂರ್ತಾರೆ, ಅವರಿಗೆ ಕೊಡ್ತಾ ಬಂದೆ. ನೀನು ಸುಮ್ಮನಿದ್ದೆ, ನಿನ್ನ ಕೊನೆಗೆ ಇಟ್ಟೆ. ವರ್ಷ ಕಳೆದಂಗೆ ನಿನ್ನ ಮುಖ ನೋಡೋಕಾಗದೆ ದಾರಿ ಬಿಟ್ಟು ತಿರುಗಿದೆ" ಅಂದ. ಬೈಕು ಕೂಡ ಕಂತಿನದೇ.

ನನಗೆ ಸಿಟ್ಟೂ ಬಂತು, ಅರ್ಥವೂ ಆಯ್ತು. ಕೂಗಾಡೋರಿಗೆ ಮೊದಲು, ಗೆಳೆಯನಿಗೆ ಕೊನೆಗೆ. ನಾವೆಲ್ಲಾ ಹಾಗೇ ಮಾಡ್ತೀವಿ. ಮೊದಲ ಸುಗ್ಗಿಯಲ್ಲೇ ನಾನು ಮನೆಗೆ ಹೋಗಿ ಐದು ಸಾವಿರವಾದರೂ ಕೊಡು ಅಂತ ಕೂತಿದ್ದರೆ ಇಲ್ಲಿಗೆ ಬರ್ತಿರಲಿಲ್ಲ.

"ಒಟ್ಟಿಗೆ 60,000 ಕೊಡು ಅಂದ್ರೆ ನನ್ನ ಕೈಲಿ ಆಗಲ್ಲ" ಅಂದ. ಒಟ್ಟಿಗೆ ಬೇಡ, ಬಡ್ಡಿಯೂ ಬೇಡ, ಬರೆದುಕೊಡು, ಏನೇನು ಕೊಡೋಕಾಗ್ತದೋ ಹೇಳು ಅಂದೆ. ದುಡ್ಡಿಲ್ಲದ ರೈತನ ಹತ್ತಿರ ಏನೂ ಇಲ್ಲ ಅಂತಲ್ಲ. ಎತ್ತಿದೆ, ಕುರಿ ಇದೆ, ಹೊಟ್ಟಿದೆ, ರಟ್ಟೆ ಇದೆ. ಊರಲ್ಲಿ ನಡೆಯೋ ದರಕ್ಕೆ ಎಲ್ಲಕ್ಕೂ ಬೆಲೆ ಕಟ್ಟಿದೆವು.

2025ರ ಜನವರಿಯಲ್ಲಿ, ಸಂಕ್ರಾಂತಿ ಆದ ವಾರ, ಅವನ ಸೋದರಮಾವ ಮತ್ತು ನಮ್ಮ ಮೇಷ್ಟ್ರು ಇಬ್ಬರ ಸಾಕ್ಷಿಯಲ್ಲಿ ಪ್ರೋನೋಟು ಬರೆದೆವು. ಅವತ್ತೇ 5,000 ಕೈಗೆ ಕೊಟ್ಟ. ಉಳಿದದ್ದನ್ನ ಒಂದು ನೋಟ್‌ಬುಕ್ಕಿನಲ್ಲಿ ಬರಕೊಳ್ತಾ ಬಂದೆವು. ಪ್ರತಿ ಸಲ ತಾರೀಖು, ಅವನ ಸಹಿ, ನನ್ನ ಸಹಿ.

ಇಲ್ಲಿವರೆಗೆ ಬಂದ ಲೆಕ್ಕ

ಜನವರಿ 2025, ನಗದು: 5,000 ರೂ.
ಯುಗಾದಿಗೆ, ಟಗರು ಮರಿ 2 (7,500ರಂತೆ): 15,000 ರೂ.
ಮೇ, ಜೂನ್, ಜೋಡಿ ಎತ್ತು ಆಳು ಸಮೇತ ಉಳುಮೆ ಮತ್ತು ಕೂರಿಗೆ ಬಿತ್ತನೆ, 6 ದಿನ (1,500ರಂತೆ): 9,000 ರೂ.
ನವೆಂಬರ್, ಶೇಂಗಾ ಹೊಟ್ಟು 2 ಗಾಡಿ (3,000ದಂತೆ): 6,000 ರೂ.
ಡಿಸೆಂಬರ್, ಕಾಯಿ ಮಾರಿದ ಮೇಲೆ ಬ್ಯಾಂಕಿಗೆ ಹಾಕಿದ್ದು: 12,000 ರೂ.
ಒಟ್ಟು: 47,000 ರೂ. ಬಾಕಿ: 13,000 ರೂ.

ಇದರಲ್ಲಿ ನಗದು 17,000 ಮಾತ್ರ. ಉಳಿದ 30,000 ಕೆಲಸ ಮತ್ತು ವಸ್ತು. ಆದರೆ ನನಗೆ ಅದು ನಗದಿನಷ್ಟೇ ಉಪಯೋಗಕ್ಕೆ ಬಂತು. ಉಳುಮೆಗೆ, ಹೊಟ್ಟಿಗೆ ನಾನು ಹೇಗೂ ಬೇರೆಯವರಿಗೆ ದುಡ್ಡು ಕೊಡಬೇಕಿತ್ತು. ಆ ಎರಡು ಮರಿ ನನ್ನ ರೊಪ್ಪದಲ್ಲೇ ಬೆಳೆದವು. ನಾನು ಕಟ್ಟಿದ 12,600 ಬಡ್ಡಿ ಮಾತ್ರ ಹೋಯ್ತು. ಅದು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ನಾನು ತೆತ್ತ ದಂಡ ಅಂದುಕೊಂಡಿದ್ದೀನಿ.

ಕೈಗಡ ಕೊಡೋರಿಗೆ ನನ್ನ ಅನುಭವದ ಮಾತು

1. ಬಿತ್ತನೆ ಬೀಜದ ದುಡ್ಡು, ಮಕ್ಕಳ ಫೀಸಿನ ದುಡ್ಡು ಯಾರಿಗೂ ಕೊಡಬೇಡಿ. ಒಂದು ವರ್ಷ ಬರದಿದ್ದರೂ ನಿಮ್ಮ ಬೇಸಾಯ ನಿಲ್ಲದಷ್ಟು ಮಾತ್ರ ಕೊಡಿ.

2. ಕೊಡೋ ದಿನವೇ ಬರೆಸಿ. ಪ್ರೋನೋಟಿಗೆ ಅಂಚೆ ಕಚೇರಿಯ 1 ರೂಪಾಯಿ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಸಹಿ ಹಾಯಬೇಕು. ಸ್ಟಾಂಪಿಲ್ಲದ ಪ್ರೋನೋಟನ್ನ ಕೋರ್ಟು ನೋಡಲ್ಲ, ಆಮೇಲೆ ದಂಡ ಕಟ್ಟಿ ಸರಿ ಮಾಡಿಸೋಕೂ ಬರಲ್ಲ. ಒಟ್ಟು ಮೊತ್ತ ಅಂಕಿ ಅಕ್ಷರ ಎರಡರಲ್ಲೂ, ತಾರೀಖು, "ನೀವು ಕೇಳಿದಾಗ ಕೊಡುತ್ತೇನೆ" ಅನ್ನೋ ಮಾತು ಇರಬೇಕು. ಕಂತಿನ ಲೆಕ್ಕ ಬೇರೆ ನೋಟ್‌ಬುಕ್ಕಿನಲ್ಲಿರಲಿ. ಸಾಕ್ಷಿ ಕಡ್ಡಾಯ ಅಲ್ಲ, ಇದ್ದರೆ ಒಳ್ಳೇದು.

3. ಆದಷ್ಟು ಬ್ಯಾಂಕಿನ ಮೂಲಕ ಕೊಡಿ. ಫೋನಿನಲ್ಲಿ ಹಾಕೋದಾದರೆ ಷರಾ ಬರೆಯೋ ಜಾಗದಲ್ಲಿ "ಕೈಸಾಲ" ಅಂತ ಬರೀರಿ. ಅವನು ಕಳಿಸಿದ ಮೆಸೇಜು ಅಳಿಸಬೇಡಿ.

4. ಮೊದಲ ಸುಗ್ಗಿಗೇ ಕೇಳಿ. ಮನೆಗೆ ಹೋಗಿ, ಒಬ್ಬರೇ ಹೋಗಿ, ಕಾಯಿ ಮಾರೋಕೆ ಮುಂಚೆ ಹೋಗಿ. ಮಾರಿದ ಮೇಲೆ ಹೋದರೆ ದುಡ್ಡು ಬೇರೆಯವರ ಕೈ ಸೇರಿರ್ತದೆ. ಸಂತೆ, ಟೀ ಅಂಗಡಿ, ಮದುವೆ ಮನೆಯಲ್ಲಿ ಕೇಳಬೇಡಿ.

5. ಒಟ್ಟಿಗೆ ಬರದಿದ್ದರೆ ಸುಗ್ಗಿಗೆ ಸುಗ್ಗಿಗೆ ಕಂತು ಮಾಡಿ. ಕೆಲಸ, ಮೇವು, ಗೊಬ್ಬರ, ಮರಿ ಏನಾದರೂ ಆಗಲಿ, ತಗೊಳ್ಳೋಕೆ ಮುಂಚೆ ಬೆಲೆ ಮಾತಾಡಿ, ಬರೆದು ಸಹಿ ಹಾಕಿಸಿ.

6. ಸಾಲ ತೀರಿಸೋಕೆ ಅಂತ ಚೆಕ್ಕು ಕೊಟ್ಟರೆ ಅದರ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ದುಡ್ಡಿಲ್ಲ ಅಂತ ವಾಪಸು ಬಂದರೆ, ಬಂದದ್ದು ಗೊತ್ತಾದ 30 ದಿನದೊಳಗೆ ನೋಟಿಸು ಕೊಡಬೇಕು. ಅದು ಮುಟ್ಟಿ 15 ದಿನವಾದರೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಇದರಲ್ಲಿ ದಿನ ತಪ್ಪಿದರೆ ಕಷ್ಟ, ವಕೀಲರನ್ನ ಕೂಡಲೇ ಕಾಣಿ.

7. ಮಾತಿಗೆ ಬಗ್ಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಹಾಕಿಸಿ. ಅದಕ್ಕೆ ಕೋರ್ಟು ಫೀಸಿಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ ಆ ತೀರ್ಪು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಅವನು ಒಪ್ಪದಿದ್ದರೆ ದಾವೆಯೇ ದಾರಿ. ಅದಕ್ಕೆ 3 ವರ್ಷದ ಗಡುವು ಮರೀಬೇಡಿ.

ಈಗ ಹೇಗಿದ್ದೀವಿ ಅಂತ ಕೆಲವರು ಕೇಳ್ತಾರೆ. ಮೊದಲಿನ ಹಾಗಿದ್ದೀವಿ ಅಂತ ಸುಳ್ಳು ಹೇಳಲ್ಲ. ಅವನು ದಾರಿ ಬಿಟ್ಟು ಹೋಗೋದು ನಿಂತಿದೆ. ನನ್ನ ಹೊಲ ಉಳುವಾಗ ಮಧ್ಯಾಹ್ನ ಇಬ್ಬರೂ ಒಂದೇ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅವನ ತಾಯಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. 47,000 ಬಂತು, ಟೀ ಅಂಗಡೀಲಿ ಆಡಿದ ಮಾತು ವಾಪಸು ಬರಲಿಲ್ಲ. ಬಾಕಿ 13,000 ಬರೋ ಶೇಂಗಾಕ್ಕೆ ಅಂತ ಬರೆದಿದ್ದಾನೆ. ಮಳೆ ಬಂದರೆ ಕೊಡ್ತಾನೆ ಅನ್ನೋ ನಂಬಿಕೆ ನನಗಿದೆ. ಬರದಿದ್ದರೆ ಅವನ ಎತ್ತಿದಾವೆ, ನನ್ನ ಹೊಲವಿದೆ.

ನೀವೂ ಯಾರಿಗಾದರೂ ಬಾಯಿ ಮಾತಲ್ಲಿ ಕೊಟ್ಟಿದ್ದರೆ ಇವತ್ತು ಸಂಜೆಯೇ ಪಾಸ್‌ಬುಕ್ಕು ತೆಗೆದು ಕೊಟ್ಟ ತಾರೀಖು ನೋಡಿ. ಮೂರು ವರ್ಷ ತುಂಬೋಕೆ ಎಷ್ಟು ದಿನ ಇದೆ ಅಂತ ಎಣಿಸಿ. ನಾಳೆ ಬೆಳಿಗ್ಗೆ ದನ ಬಿಡೋ ಹೊತ್ತಿಗೆ ಒಬ್ಬರೇ ಅವರ ಮನೆಗೆ ಹೋಗಿ.